ಗುರುಬಸವನ ಗಡಿ ಭಾಷಣ

ಸಿಡ್ನಿಯಿಂದ ಕ್ಯಾನ್‌ಬೆರಾಗೆ ಹೋಗುವಾಗ ಲೇಕ್ ಜಾರ್ಜ್ ಹತ್ತಿರ ಗುರುಬಸವ ತಪ್ಪದೆ ವ್ಯಾನ್ ನಿಲ್ಲಿಸುತ್ತಾನೆ. ಅಲ್ಲಿಂದ ಸ್ವಲ್ಪ ಮುಂದೆ ಕ್ಯಾನ್‌ಬೆರಾದ ಗಡಿ, ಅದರಾಚೆ ಕಾನೂನೇ ಬೇರೆ. ಮಕ್ಕಳ ಮನೆಗೆಂದು ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರು ಇಳಿದು ಸೊಂಟ ನೇರ ಮಾಡಿಕೊಳ್ಳುತ್ತಿದ್ದರೆ, ಇವನು ವ್ಯಾನಿನ ಬಾಗಿಲಿಗೆ ಒರಗಿ ಭಾಷಣ ಶುರು ಮಾಡುತ್ತಾನೆ.

“ಕ್ಯಾನ್‌ಬೆರಾದಾಗ ಗಾಂಜಾ ಲೀಗಲ್ ಅಂತ ನಿಮ್ಮ ವಾಟ್ಸಾಪ್‌ನಾಗ ಬಂದಿರ್ತದ. ಅರ್ಧ ಖರೇ ಅದ. ಅಲ್ಲಿ ಇರೋರು ತಮ್ಮ ಮನ್ಯಾಗ ಒಬ್ಬೊಬ್ಬರು ಎರಡು ಗಿಡ ಬೆಳಕೋಬಹುದು. ಆದ್ರ ಅಂಗಡಿ ಇಲ್ರಿ. ಕೊಳ್ಳಂಗಿಲ್ಲ, ಮಾರಂಗಿಲ್ಲ, ಪುಕ್ಕಟೆ ಕೊಟ್ಟರೂ ತಪ್ಪ. ವೀಸಾ ಮ್ಯಾಲ ಬಂದೋರು ಮುಟ್ಟಲಿಕ್ಕೇ ಹೋಗಬ್ಯಾಡ್ರಿ. ಒಂದು ಎಲಿ ಸುದ್ದಾ ಕಿಸೆದಾಗ ಇಟ್ಕೊಂಡು ಈ ಕಡಿ ಬರಬ್ಯಾಡ್ರಿ. ಕಡೀ ಮಾತು. ಯಾರರ ಏನರ ಕುಡೀಲಿಕ್ಕೆ ಕೊಟ್ರ, ಇದರಾಗ ಏನದ ಅಂತ ಕೇಳ್ರಿ. ಕೇಳಿದ ಮ್ಯಾಲೂ ಒಂದು ಸಲ ವಿಚಾರ ಮಾಡ್ರಿ.”

ಎಲ್ಲರೂ ನಗುತ್ತಾರೆ. ನಾನು ನಗುವುದಿಲ್ಲ. ಆ ಕಡೇ ಮಾತಿನಲ್ಲಿರುವುದು ನಾನು.

ಗುರುಬಸವ ಸುರಪುರದ ಕಡೆಯವನು. ಅಡುಗೆ ಕೋರ್ಸಿಗೆಂದು ಮೆಲ್ಬರ್ನ್‌ಗೆ ಬಂದು, ಆ ಊರಂಚಿನ ಟ್ರುಗನಿನಾದಲ್ಲಿ ಏಳು ಜನ ಒಂದೇ ಮನೆಯಲ್ಲಿ ಮಲಗಿ, ಹಗಲು ಕ್ಲಾಸು, ಸಂಜೆ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಹನ್ನೊಂದನೇ ವರ್ಷಕ್ಕೆ ಪಿಆರ್, ಅಂದರೆ ಖಾಯಂ ವಾಸದ ಹಕ್ಕು, ಕಂಡವನು. ಆಮೇಲೆ ಸಿಡ್ನಿಗೆ ಬಂದು ಹನ್ನೆರಡು ಸೀಟಿನ ವ್ಯಾನ್ ಕೊಂಡ. ಹಿಂದಿನ ಗಾಜಿನ ಮೇಲೆ ಅವ್ವನ ಹೆಸರು, ಅಹಲ್ಯಾ, ದಪ್ಪ ಕನ್ನಡ ಅಕ್ಷರದಲ್ಲಿ. ನಮ್ಮ ಬಡಾವಣೆ ಮಾರ್ಸ್ಡನ್ ಪಾರ್ಕಿನ ಕನ್ನಡದವರಿಗೆಲ್ಲ ಏರ್‌ಪೋರ್ಟಿಗೂ ದೇವಸ್ಥಾನಕ್ಕೂ ಅವನೇ. ಈಗ ಓಡಿಸುವ ವ್ಯಾನ್ ಬೇರೆಯವರದು. ಆ ಅಹಲ್ಯಾ ವ್ಯಾನ್ ಮಾರಿಹೋದದ್ದು ನನ್ನಿಂದ.

ನಾನು ಗಿರಿಜಾ. ಮೈಸೂರಿನಲ್ಲಿ ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿದ್ದವಳು, ಬಾಟಲಿಗೆ ಲೇಬಲ್ ಇಲ್ಲದಿದ್ದರೆ ಹುಡುಗಿಯರ ಮೇಲೆ ಹರಿಹಾಯುತ್ತಿದ್ದವಳು. ಹೋದ ವರ್ಷ ಶಿವರಾತ್ರಿಗೆ ನಮ್ಮ ಮನೆಯಲ್ಲಿ ಪೂಜೆ. ಹಿಂದಿನ ವಾರ ನಮ್ಮವರು, ತಿರುಮಲೇಶ್, ಕ್ಯಾನ್‌ಬೆರಾದ ಗೆಳೆಯರ ಹಿತ್ತಲಿನಿಂದ ಒಂದು ಹಿಡಿ ಭಂಗಿ ಸೊಪ್ಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. “ಅಲ್ಲಿ ಲೀಗಲ್ ಕಣೆ. ಶಿವನಿಗೆ ಪ್ರಿಯ. ಸ್ವಲ್ಪ ಹಾಲಿಗೆ ಹಾಕು, ಮಜಾ ಇರತ್ತೆ.” ಮೂರು ಗಂಟೆಯ ದಾರಿಯಲ್ಲಿ ಕಾನೂನು ಬದಲಾಗುತ್ತದೆಂದು ನಿವೃತ್ತ ಎಂಜಿನಿಯರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಹೊಳೆಯುವುದು ಬೇಕಿರಲಿಲ್ಲ. ಸೊಪ್ಪು ಅರೆದು ಬಾದಾಮಿ ಹಾಲಿಗೆ ಬೆರೆಸಿದೆ.

ಗುರುಬಸವ ದಿನವಿಡೀ ಉಪವಾಸವಿದ್ದು ಬಂದಿದ್ದ. ಲೋಟ ಮೂಗಿನ ಹತ್ತಿರ ಹಿಡಿದು, “ಏನದ ಮೇಡಂ ಇದರಾಗ?” ಎಂದ.

“ಬಾದಾಮಿ, ಕೇಸರಿ, ಸೋಂಪು,” ಎಂದು ನಕ್ಕೆ. ಪಕ್ಕದಲ್ಲಿ ನಮ್ಮವರೂ ನಕ್ಕರು. ಅವನು ಎರಡು ಲೋಟ ಕುಡಿದ.

ಮರುದಿನ ಬೆಳಗ್ಗೆ ಏರ್‌ಪೋರ್ಟಿನ ದಾರಿಯಲ್ಲಿ ಪೊಲೀಸರು ಅವನ ನಾಲಿಗೆಯ ಮೇಲೆ ಕಡ್ಡಿ ಸವರಿ ನೋಡಿದರು, ಗಾಂಜಾದ ಗುರುತು ಸಿಕ್ಕಿತು. ಲೈಸೆನ್ಸ್ ಮೂರು ತಿಂಗಳು ಹೋಯಿತು, ಆ ಮೂರು ತಿಂಗಳಲ್ಲಿ ದುಡಿಮೆಯಿಲ್ಲದೆ ವ್ಯಾನೂ ಹೋಯಿತು. ಪೂಜೆಯಲ್ಲಿ ಏನೋ ಕುಡಿದೆ ಎಂದನಂತೆ, ಯಾರ ಮನೆ ಎಂದು ಹೇಳಲಿಲ್ಲವಂತೆ. ಪೊಲೀಸರು ಹಿಡಿದ ಒಂದು ವಾರಕ್ಕೆ, ಪ್ರಸಾದ ಕಟ್ಟಿಕೊಟ್ಟಿದ್ದ ನಮ್ಮ ಸ್ಟೀಲ್ ಡಬ್ಬಿ ವಾಪಸ್ ಕೊಡಲು ಬಂದವನು, “ಹಾಲಿನಾಗ ಏನರ ಇತ್ತೇನ್ರಿ ಮೇಡಂ?” ಎಂದು ಕೇಳಿದ.

“ಛೇ, ನಮ್ಮನೇಲಾ?” ಎಂದೆ.

ತಲೆಯಾಡಿಸಿ ಹೊರಟುಹೋದ. ಲೈಸೆನ್ಸ್ ಮರಳಿ ಬಂದು ಅವನು ಬೇರೆಯವರ ವ್ಯಾನ್ ಹಿಡಿದಂದಿನಿಂದ ಕಂಡಕಂಡವರಿಗೆಲ್ಲ ಅವನ ಕ್ಯಾನ್‌ಬೆರಾ ಟೂರಿಗೇ ಹೋಗಿ ಎನ್ನುತ್ತ ಬಂದೆ, ನಾನೂ ನೆಂಟರನ್ನು ಕಟ್ಟಿಕೊಂಡು ಹೋಗುತ್ತ ಬಂದೆ. ಮಾಡಿದ ಪಾಪಕ್ಕೆ ನಾನು ಕಂಡುಕೊಂಡ ಅಗ್ಗದ ಪರಿಹಾರ ಅದು.

ಹೋದ ತಿಂಗಳು ಅವನು ಒಂದು ಫಾರ್ಮ್ ಹಿಡಿದುಕೊಂಡು ಬಾಗಿಲಿಗೆ ಬಂದ. ಸ್ಕೂಲ್ ಬಸ್ ಓಡಿಸುವ ಕೆಲಸ, ಖಾಯಂ ಕೆಲಸ. ಹಳೆಯ ತಪ್ಪಿಗೆ ವಿವರಣೆ ಕೇಳಿದ್ದರು. “ಗೊತ್ತಿಲ್ದ ಕುಡದಾನ ಅಂತ ಕೊಟ್ಟೋರು ಬರದು ಕೊಟ್ರ ನೋಡ್ತಾರಂತ್ರಿ. ಇಲ್ದಿದ್ರ ಮಕ್ಕಳ ಬಸ್ಸು ನನ್ನ ಕೈಗೆ ಯಾರು ಕೊಡ್ತಾರ್ರಿ?”

ಒಳಗಿನಿಂದ ನಮ್ಮವರು, “ಲಾಯರನ್ನ ಕೇಳದೆ ನಾವು ಏನೂ ಸೈನ್ ಮಾಡಕ್ಕಾಗಲ್ಲಪ್ಪ,” ಎಂದರು. ಒಂದೇ ವಾಕ್ಯದಲ್ಲಿ ಅವರು ದೇವಸ್ಥಾನದ ಕಮಿಟಿಯ ಅಧ್ಯಕ್ಷರ ಗತ್ತಿಗೂ ಬಂದರು, ಏನೂ ಅರಿಯದ ಮುಗ್ಧರೂ ಆದರು.

ಗುರುಬಸವ ಅವರತ್ತ ನೋಡಲೇ ಇಲ್ಲ. “ಮೇಡಂ, ನಮ್ಮ ಅಜ್ಜ ಮಠದಾಗ ಅಮಾಸಿಗೊಮ್ಮೆ ಭಂಗಿ ಪ್ರಸಾದ ತಗೋತಿದ್ದ. ಆ ವಾಸನಿ ನನಗ ಗೊತ್ತಿಲ್ಲೇನ್ರಿ? ಲೋಟ ಹಿಡದ ಕೂಡ್ಲೆ ಗೊತ್ತಾತು. ಅದಕ್ಕ ಕೇಳಿದೆ. ನೀವು ಸೋಂಪು ಅಂದ್ರಿ. ಓದಿದೋರು, ಲ್ಯಾಬಿನಾಗಿದ್ದೋರು, ಸುಳ್ಳ ಹೇಳಲಿಕ್ಕಿಲ್ಲ ಅಂತ ನನ್ನ ಮೂಗಿಗೇ ಬೈಕೊಂಡು ಕುಡದೆ.”

ನಾಚಿಕೆಯಿಂದ ನನ್ನ ಕಿವಿ ಸುಟ್ಟುಹೋಯಿತು. ಅವನು ಜಗಳಕ್ಕೆ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನ್ನನ್ನು ನಂಬಿದ್ದನೆಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ಅಂದೇ ಊಟದ ಟೇಬಲ್ ಮೇಲೆ ಕೂತು ಬರೆದೆ. ಸೊಪ್ಪು ಹಾಲಿಗೆ ಹಾಕಿದವಳು ನಾನು. ಅವನು ಕೇಳಿದ. ಗೊತ್ತಿದ್ದೂ ಸುಳ್ಳು ಹೇಳಿದೆ. ಆಮೇಲೆ ಇನ್ನೊಮ್ಮೆ ಹೇಳಿದೆ. “ಕೇಸ್ ಆಗತ್ತೆ, ಜನ ಏನಂತಾರೆ,” ಎಂದು ನಮ್ಮವರು ಮನೆಯೆಲ್ಲ ಓಡಾಡಿದರು. ಆಗಲಿ ಎಂದೆ. ಸೈನ್ ಮಾಡಿ, ವಿಳಾಸ, ಫೋನ್ ನಂಬರ್ ಬರೆದು, ಅವನ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ನಿಂತುಕೊಂಡೇ ಎರಡು ಸಲ ಓದಿದ. ಮಡಿಸಿ ಕಿಸೆಗೆ ಹಾಕಿಕೊಂಡ. ಕೂತುಕೊಳ್ಳಿ ಎನ್ನಲಿಲ್ಲ.

ಬಸ್ಸಿನವರ ಉತ್ತರ ಇನ್ನೂ ಬಂದಿಲ್ಲ. ನಿನ್ನೆ ಮತ್ತೆ ಲೇಕ್ ಜಾರ್ಜ್ ಬಳಿ ನಿಂತೆವು, ಭಾಷಣವೂ ಆಯಿತು. ಫ್ಲಾಸ್ಕಿನಿಂದ ಬಾದಾಮಿ ಹಾಲು ಬಗ್ಗಿಸಿ ಎಲ್ಲರಿಗೂ ಕೊಟ್ಟು, ಕೊನೆಯ ಲೋಟವನ್ನು ಅವನ ಮುಂದೆ ಹಿಡಿದೆ.

“ಏನದ ಮೇಡಂ ಇದರಾಗ?”

“ಬಾದಾಮಿ, ಕೇಸರಿ, ಸಕ್ಕರೆ. ಬೇರೇನಿಲ್ಲ.”

ಲೋಟ ತೆಗೆದುಕೊಳ್ಳಲಿಲ್ಲ. “ಮೊದಲ ನೀವು ಕುಡೀರಿ,” ಎಂದ.

ಎಲ್ಲರೂ ತಮಾಷೆಯೆಂದು ನಕ್ಕರು. ಹನ್ನೊಂದು ಜನರ ಎದುರು ನಾನು ಅರ್ಧ ಲೋಟ ಕುಡಿದೆ. ನಾನು ಕುಡಿದು ಮುಗಿಸುವವರೆಗೂ ಅವನು ನನ್ನನ್ನೇ ನೋಡಿದ. ಆಮೇಲೆ ವ್ಯಾನಿನಿಂದ ತನ್ನ ಲೋಟ ತಂದು, ಹಾಲು ಬಗ್ಗಿಸಲೆಂದು ನನ್ನ ಮುಂದೆ ಹಿಡಿದ.