ದಾಜಿಯ ಸ್ಕ್ರೂ ಯಂತ್ರ

ಕಳೆದ ವಾರ ಮೊಮ್ಮಗಳ ಸೈಕಲ್ಲಿನ ಚೈನು ಪದೇ ಪದೇ ಕಳಚುತ್ತದೆಂದು ಕೊಲ್ಹಾಪುರದ ನಮ್ಮ ಓಣಿಯ ಸೈಕಲ್ ರಿಪೇರಿಯವನ ಹತ್ತಿರ ಹೋಗಿ ಕೂತಿದ್ದೆ. ಅವನು ಚೈನು ಬಿಚ್ಚಿ, ಡೀಸೆಲ್ ಸುರಿದ ಹಳೆಯ ಬೋಗುಣಿಯೊಳಗೆ ಇಳಿಬಿಟ್ಟ. ಡೀಸೆಲ್, ತುಕ್ಕು, ಹಳೆಯ ಗ್ರೀಸು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಒಳ್ಳೆಯ ವಾಸನೆ ಎನಿಸಲಿಕ್ಕಿಲ್ಲ. ನನಗೂ ಎನಿಸುವುದಿಲ್ಲ. ಆದರೆ ಒಂದು ಮಳೆಗಾಲದ ಕೊನೆಯಲ್ಲಿ ಎರಡು ತಿಂಗಳು ನಮ್ಮ ಅಂಗಡಿಯಲ್ಲಿ, ನನ್ನ ಅಂಗಿಯಲ್ಲಿ, ನಾನು ತಿನ್ನುವ ರೊಟ್ಟಿಯಲ್ಲಿ ಕೂಡ ಇದೇ ವಾಸನೆ ಇತ್ತು.

ನನ್ನದು ಹಾರ್ಡ್‌ವೇರ್ ಅಂಗಡಿ. ಆ ಮಳೆಗಾಲಕ್ಕೆ ಮೂವತ್ತು ವರ್ಷ ಮೊದಲು ಗಡಹಿಂಗ್ಲಜದಿಂದ ಬಂದು ಪಂಚಗಂಗಾ ನದಿಗೆ ಹತ್ತಿರದ ಒಂದು ತಗ್ಗಿನ ಓಣಿಯಲ್ಲಿ ಹಾಕಿದ್ದು. ಬೀಗ, ಕೀಲು, ಬಣ್ಣ, ಹಗ್ಗ ಎಲ್ಲ ಮಾರುತ್ತಿದ್ದರೂ ಅಂಗಡಿ ನಡೆಯುತ್ತಿದ್ದದ್ದು ಸ್ಕ್ರೂ ಮೊಳೆಗಳ ಮೇಲೆ. ಬಡಿಗರು, ಪ್ಲಂಬರ್‌ಗಳು, ಬಾಗಿಲು ಅಲುಗಾಡುವ ಎಲ್ಲ ಮನೆಗಳ ಯಜಮಾನರು ಬರುತ್ತಿದ್ದರು. ಗೊತ್ತಿದ್ದವರು "ಒಂದೂವರೆ ಇಂಚು" ಎನ್ನುತ್ತಿದ್ದರು. ಗೊತ್ತಿಲ್ಲದವರು ಹೆಬ್ಬೆರಳಿನಿಂದ ತೋರುಬೆರಳನ್ನು ಅಳೆದು "ಈಟ್ ಉದ್ದಂದು ಕೊಡ್ರಿ" ಎನ್ನುತ್ತಿದ್ದರು. ಬೆರಳು ನೋಡಿ ಅಳತೆ ಹೇಳುವುದರಲ್ಲಿ ನಾನು ಪಳಗಿದ್ದೆ. ಒಂದು ಸ್ಕ್ರೂವನ್ನು ಗೋಡೆಗೆ ನೆಟ್ಟಗೆ ಕೂರಿಸುವುದು ಮಾತ್ರ ನನಗೆ ಬರುತ್ತಿರಲಿಲ್ಲ. ಮಿಠಾಯಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ ಎಂದು ನಗೆಯಾಡಿ ದಾಟಿಸುತ್ತಿದ್ದೆ.

ಆ ವರ್ಷ ನದಿ ಓಣಿಗೆ ಬಂತು. ನೀರು ಐದು ದಿನ ಅಂಗಡಿಯೊಳಗೆ ನಿಂತು ಹೋಯಿತು. ಶಟರ್ ಎತ್ತಿದಾಗ ಕಂಡದ್ದನ್ನು ಬಣ್ಣಿಸಿ ನಿಮ್ಮನ್ನು ಗೋಳು ಹೊಯ್ದುಕೊಳ್ಳುವುದಿಲ್ಲ. ಒಂದು ಸಂಗತಿ ಹೇಳಿದರೆ ಸಾಕು. ಸ್ಕ್ರೂಗಳು ರಟ್ಟಿನ ಡಬ್ಬಿಗಳಲ್ಲಿ ಇರುತ್ತವೆ. ರಟ್ಟು ನೀರಿನಲ್ಲಿ ಕರಗಿ ಗಂಜಿಯಾಗಿತ್ತು. ಅರ್ಧ ಇಂಚಿನಿಂದ ಮೂರು ಇಂಚಿನವರೆಗಿನ ನನ್ನ ಮೂವತ್ತು ವರ್ಷದ ಅಚ್ಚುಕಟ್ಟುತನವೆಲ್ಲ ಕೆಸರಿನಲ್ಲಿ ಒಂದೇ ಗುಡ್ಡೆಯಾಗಿ ಬಿದ್ದಿತ್ತು.

ನನ್ನ ಹೆಂಡತಿ ಸುನಂದಾ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತು ಹೇಳಿದಳು: "ಸಾಕ್ರಿ ಇನ್ನ. ಗಡಹಿಂಗ್ಲಜಕ್ಕ ಹೋಗೂಣು. ಅಲ್ಲಿ ಮನಿ ಐತಿ, ಹೊಲಾ ಐತಿ."

ನಾನೂ ಹ್ಞೂಂ ಎಂದೆ. ಅಂಗಡಿ ಮುಚ್ಚುವುದು, ಇದ್ದ ಕಬ್ಬಿಣವನ್ನೆಲ್ಲ ಗುಜರಿ ಕೊಳ್ಳುವ ಭಂಗಾರದವನಿಗೆ ತೂಕಕ್ಕೆ ಹಾಕುವುದು ಎಂದು ನಿಶ್ಚಯಿಸಿದೆವು.

ಅದರ ಮರುದಿನ ದಾಜಿ ಬಂದರು. ದಾಜಿ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಮರಾಠಿಯವರ ಹಾಗೆಯೇ ಕರೆಯುವ ರೂಢಿ. ಹುಪರಿಯವರು. ಅಲ್ಲಿ ಮನೆಯ ಪಡಸಾಲೆಯಲ್ಲೇ ಕೂತು ಬೆಳ್ಳಿ ಗೆಜ್ಜೆ, ಕಾಲುಚೈನು ಮಾಡುವ ಕಸಬು. ಎಳ್ಳುಕಾಳಿನಷ್ಟು ಕೊಂಡಿಗಳನ್ನು ಚಿಮಟದಲ್ಲಿ ಹಿಡಿದು ಒಂದಕ್ಕೊಂದು ಬೆಸೆಯುವ ಅವರ ಕೈಯನ್ನು ಚಿಕ್ಕಂದಿನಿಂದ ಬಲ್ಲವನು ನಾನು. ಮಾತು ಕಡಿಮೆ, ಗತ್ತು ಹೆಚ್ಚು. ಯಾರ ಹತ್ತಿರವೂ ಒಂದು ಲೋಟ ನೀರು ಕೂಡ ಕೇಳಿದವರಲ್ಲ.

"ಏನ್ ಮಾಡಾಕತ್ತಿ?" ಎಂದರು.

"ಭಂಗಾರದವನ್ನ ಕರಿಸೇನ್ರಿ ದಾಜಿ. ತೂಕಕ್ಕ ಹಾಕಿ ಕೈ ತೊಳಕೋತೇನಿ."

ಅವರು ಕೆಸರಿನ ಗುಡ್ಡೆಯನ್ನು ಚಪ್ಪಲಿಯ ತುದಿಯಿಂದ ಸರಿಸಿ ನೋಡಿದರು. "ಕಬ್ಬಿಣ ನೀರಾಗ ಮುಳುಗಿದ್ರ ಸಾಯತೈತೇನು? ತುಕ್ಕ ಬಂದೈತಿ, ಅಷ್ಟ. ತೊಳದ್ರ ಹೋಗತೈತಿ. ಅವಗ ಬರಬ್ಯಾಡ ಅಂತ ಹೇಳು."

ಹೇಳಿದೆ. ನನಗೆ ಸ್ವಂತ ನಿಶ್ಚಯ ಎಂಬುದು ಯಾವಾಗಲೂ ಒಂದು ದಿನಕ್ಕಿಂತ ಹೆಚ್ಚು ಬಾಳಿದ್ದಿಲ್ಲ.

ಡೀಸೆಲ್ಲಿನಲ್ಲಿ ಅದ್ದಿ, ಕಟ್ಟಿಗೆಯ ಹೊಟ್ಟಿನಲ್ಲಿ ಹೊರಳಾಡಿಸಿದಾಗ ಸ್ಕ್ರೂಗಳು ನಿಜವಾಗಿಯೂ ಬದುಕಿದವು. ಉಳಿದದ್ದು ಉದ್ದ ನೋಡಿ ಬೇರೆ ಮಾಡುವ ಕೆಲಸ. ನಾನೂ ಸುನಂದಾಳೂ ನೆಲದ ಮೇಲೆ ಕೂತು, ಅಕ್ಕಿ ಆರಿಸುವ ಹಾಗೆ ಆರಿಸತೊಡಗಿದೆವು. ಮುಕ್ಕಾಲು ಇಂಚಿಗೂ ಒಂದು ಇಂಚಿಗೂ ಇರುವ ವ್ಯತ್ಯಾಸ ಒಂದು ಗಂಟೆಯ ನಂತರ ಕಣ್ಣಿಗೆ ಕಾಣುವುದಿಲ್ಲ, ನಂಬಿರಿ.

ಸುನಂದಾ ಸ್ಕ್ರೂ ತುಂಬಿದ ಒಂದು ಅಗಲ ತಟ್ಟೆಯನ್ನು, ಪರಾತವನ್ನು, ದಾಜಿಯ ಕಡೆ ತಳ್ಳಿದಳು. "ಅಣ್ಣಾರ, ನೀವೂ ಕುಂಡ್ರರಿ. ನಿಮ್ಮ ಕೈ ಅಂದ್ರ ಮಷೀನ್ ಇದ್ದಂಗ."

ದಾಜಿ ಕೂರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. "ಹಿಂಗ ಒಂದೊಂದ ಆರಿಸಿದ್ರ ದೀಪಾವಳಿ ಬರತೈತಿ. ಇದಕ್ಕ ಖರೇನ ಒಂದು ಮಷೀನ್ ಮಾಡೂಣು."

"ಸ್ಕ್ರೂ ಆರಸೂ ಮಷೀನೇನ್ರಿ?" ಎಂದು ನಾನು ನಕ್ಕೆ. "ಅದಕ್ಕ ಸಣ್ಣದ್ಯಾವುದು ದೊಡ್ಡದ್ಯಾವುದು ಹೆಂಗ ತಿಳಿಬೇಕು?"

"ತಿಳಿಯೂದ ಬ್ಯಾಡ. ಸ್ಕ್ರೂಗೆ ಉದ್ದ ಐತೆಲ್ಲಾ, ಸಾಕು."

ಹೇಳಿದವರೇ ಇಚಲಕರಂಜಿಗೆ ಹೋದರು. ಅಲ್ಲಿ ಹಳೆಯ ಮಗ್ಗಗಳನ್ನು ಒಡೆದು ಮಾರುವವರ ಅಂಗಳದಿಂದ ಹಲ್ಲುಚಕ್ರಗಳು, ಎರಡು ಕಬ್ಬಿಣದ ಸರಳುಗಳು, ಒಂದು ಹಿಡಿಕೆ ತಂದರು. ದಾರಿಯಲ್ಲಿ ಹಳೆಯ ಸೈಕಲ್ ಚೈನುಗಳನ್ನೂ ಒಂದು ಚೀಲ ತುಂಬಿಕೊಂಡಿದ್ದರು. ಹೊಸ ಚೈನು ಯಾಕೆ ಬೇಡವೆಂದು ಕೇಳಿದ್ದಕ್ಕೆ, ಸವೆದ ಚೈನು ಮಾತ್ರ ಅಡ್ಡಕ್ಕೂ ಬಾಗುತ್ತದೆ ಎಂದರು.

ಯಂತ್ರ ನೀವು ಎಣಿಸುವಷ್ಟು ಕಠಿಣವಾಗಿರಲಿಲ್ಲ. ಉದ್ದನೆಯ ಒಂದು ಮೇಜು. ಅದರ ಮೇಲೆ ಪಕ್ಕಪಕ್ಕದಲ್ಲಿ ಓಡುವ ಎರಡು ಚೈನುಗಳು. ಈ ತುದಿಯಲ್ಲಿ ಅವು ಹತ್ತಿರ ಹತ್ತಿರ, ಆ ತುದಿಗೆ ಹೋಗುತ್ತಾ ದೂರ ದೂರ. ಸ್ಕ್ರೂವನ್ನು ಎರಡು ಚೈನುಗಳಿಗೂ ಅಡ್ಡವಾಗಿ, ಹಳ್ಳದ ಮೇಲೆ ಹಲಗೆ ಹಾಕಿದಂತೆ, ಮಲಗಿಸಬೇಕು. ಹಿಡಿಕೆ ತಿರುಗಿಸಿದರೆ ಚೈನು ಸಾಗುತ್ತದೆ, ಹಳ್ಳ ಅಗಲವಾಗುತ್ತದೆ. ಗಿಡ್ಡ ಸ್ಕ್ರೂ ಮೊದಲು ಜಾರಿ ಕೆಳಗಿನ ಡಬ್ಬಿಗೆ ಬೀಳುತ್ತದೆ, ಉದ್ದದ್ದು ಇನ್ನಷ್ಟು ದೂರ ಪ್ರಯಾಣ ಮಾಡಿ ಬೀಳುತ್ತದೆ. ಅಳೆಯುವ ಕೆಲಸವಿಲ್ಲ, ಕಣ್ಣು ನೋಯುವುದಿಲ್ಲ.

ಹೇಳಲು ಸುಲಭ. ಮಾಡುವಾಗ ನನ್ನ ಜೀವ ಹೋಯಿತು. ಯಾಕೆಂದರೆ ದಾಜಿ ಯಾವುದನ್ನೂ ಮುಟ್ಟಲೊಲ್ಲರು. ಒಂದು ಸ್ಟೂಲಿನ ಮೇಲೆ ಕೂತು, ಕೈಗಳನ್ನು ತೊಡೆಗಳ ನಡುವೆ ಒತ್ತಿಟ್ಟುಕೊಂಡು ಅಪ್ಪಣೆ ಮಾಡುವರು. "ಇಲ್ಲಿ ತೂತ ಹಾಕು." "ಅಲ್ಲ, ಒಂದ ಎಳಿ ಈಚಿಗೆ." "ನೀ ತಿರುವು, ನಾ ನೋಡತೇನಿ." ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಡ್ರಿಲ್ ಹಿಡಿಯಲು ಕಲಿತೆ, ಹೆಬ್ಬೆರಳಿಗೆ ಎರಡು ಸಲ ಪಟ್ಟಿ ಕಟ್ಟಿಸಿಕೊಂಡೆ. ಹುಪರಿಯಲ್ಲಿ ಇವರು ಇಂಥ ಸಾಹುಕಾರರಾಗಿರಲಿಲ್ಲ, ಭಾವಮೈದುನನ ಮನೆಗೆ ಬಂದಮೇಲೆ ಗತ್ತು ಏರಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಹಿಡಿಕೆ ತಿರುಗಿಸುವ ಕೆಲಸ ಒಂದನ್ನು ಮಾತ್ರ ಅವರು ತಮಗಿಟ್ಟುಕೊಂಡರು. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತಿರುಗಿಸುತ್ತಿದ್ದರು.

ಮೊದಲ ದಿನ ಸ್ಕ್ರೂಗಳ ತಲೆಗಳೆಲ್ಲ ಚೈನಿನ ಕೊಂಡಿಗಳಲ್ಲಿ ಸಿಕ್ಕಿ, ಬಾವಲಿಗಳಂತೆ ಜೋತುಬಿದ್ದವು. ದಾಜಿ ಅರ್ಧ ದಿನ ಸುಮ್ಮನೆ ನೋಡಿದರು. ಆಮೇಲೆ, ನೆರೆಯಲ್ಲಿ ಕೆಟ್ಟುಹೋಗಿದ್ದ ಪೇಂಟ್ ಬ್ರಷ್‌ಗಳನ್ನು ಪ್ರತಿ ಡಬ್ಬಿಯ ಮೇಲೆ ಒಂದರಂತೆ ನನ್ನ ಕೈಯಿಂದ ಕಟ್ಟಿಸಿದರು. ಜೋತುಬಿದ್ದದ್ದು ಬ್ರಷ್ಷಿಗೆ ತಾಗಿ ಟಣ್ಣನೆ ಕೆಳಗೆ ಬೀಳತೊಡಗಿತು. ಎದುರಿನ ಚಹಾದಂಗಡಿಯವನು ಕೆಟಲಿ ಹಿಡಿದುಕೊಂಡೇ ಓಡಿಬಂದು, "ಆಯಲಾ! ಹಾ ತರ ಕಾರಖಾನಾಚ ಝಾಲಾ ಕೀ!" ಎಂದ; ಇದು ಕಾರಖಾನೆಯೇ ಆಗಿಹೋಯಿತಲ್ಲ ಎಂದು ಅವನಿಗೆ ಬೆರಗು. ಕಾರಖಾನೆ ಎಂಬ ಮಾತಿಗೆ ನಾನು ಎದೆಯುಬ್ಬಿಸಿದೆ, ನಾನೇ ಕಂಡುಹಿಡಿದವನ ಹಾಗೆ. ಓಣಿಯವರು ದಿನಾ ಬಂದು ನೋಡಿ ಹೋಗುತ್ತಿದ್ದರು. ಗಡಹಿಂಗ್ಲಜದ ಮಾತನ್ನು ಸುನಂದಾ ತಾನಾಗಿಯೇ ಬಿಟ್ಟಳು.

ಒಂದು ಮಧ್ಯಾಹ್ನ ಮಗಳು, ಆಗ ಮೂರು ವರ್ಷದವಳಾಗಿದ್ದ ಮೊಮ್ಮಗಳನ್ನು ಎತ್ತಿಕೊಂಡು ಯಂತ್ರ ತೋರಿಸಲು ತಂದಳು. ಕೂಸಿನ ಕಾಲ್ಗೆಜ್ಜೆಯ ಒಂದು ಕೊಂಡಿ ಬಾಯಿ ಬಿಟ್ಟಿತ್ತು. ಗೆಜ್ಜೆ ದಾಜಿಯೇ ಮಾಡಿಕೊಟ್ಟದ್ದು. "ಅಣ್ಣಾರ, ಇದನ್ನೊಂದ ಕೂಡಿಸಿ ಕೊಡ್ರಿ" ಎಂದಳು ಸುನಂದಾ.

"ಸಾಮಾನು ಇಲ್ಲಿಲ್ಲವ್ವಾ. ಹುಪರಿಗೆ ಒಯ್ತೇನಿ."

ಎಷ್ಟೋ ದಿನದ ಕುದಿ ನನ್ನ ಬಾಯಿಗೆ ಬಂತು. ಕಪಾಟಿನಿಂದ ಎಲ್ಲಕ್ಕಿಂತ ಸಣ್ಣ ಪಕ್ಕಡ್ ತೆಗೆದು ಅವರ ಮುಂದೆ ಇಟ್ಟೆ. "ತಗೋರಿ ಸಾಮಾನು. ಅಲ್ಲಿ ಇಂಥಾವು ಸಾವಿರ ಕೂಡಸ್ತೀರಿ. ನಮ್ಮ ಕೂಸಿಂದು ಒಂದ ಕೊಂಡಿ ಕೂಡಸಾಕ ಕೈ ಏಳೂದಿಲ್ಲೇನು?"

ಚಹಾದವನೂ ಇದ್ದ, ಇನ್ನಿಬ್ಬರು ಗಿರಾಕಿಗಳೂ ಇದ್ದರು. ದಾಜಿ ನನ್ನ ಮುಖವನ್ನು ಒಮ್ಮೆ ನೋಡಿ, ಪಕ್ಕಡ್ ತೆಗೆದುಕೊಂಡರು. ಕೊಂಡಿಯನ್ನು ಹಿಡಿಯಲು ಹೋದರು. ಬಲಗೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ. ಒಳಗೆ ಯಾರೋ ಬೇರೆಯವರು ಕೂತು ಆ ಕೈಯನ್ನು ಅಲುಗಾಡಿಸುವ ಹಾಗೆ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡರು. ಪಕ್ಕಡ್ ಗೆಜ್ಜೆಗೆ ಬಡಿದು ಬಡಿದು ಸದ್ದು ಮಾಡಿತು. ಮೂರನೆಯ ಸಲ ಗೆಜ್ಜೆ ನೆಲಕ್ಕೆ ಬಿತ್ತು. ಕೂಸು ಒಂದೇ ನಕ್ಕಿತು, ಅದಕ್ಕೆ ಆಟವೆನಿಸಿರಬೇಕು.

ಎಲ್ಲರೂ ಹೋದಮೇಲೆ ದಾಜಿ ಹೇಳಿದರು: "ಭಾಳ ದಿನಾತು. ನಿಮ್ಮಕ್ಕಗ ಹೇಳಬ್ಯಾಡ."

ಕ್ಷಮೆ ಕೇಳಬೇಕಾಗಿತ್ತು. ನಾನು ಕೇಳಲಿಲ್ಲ. ನೆಲದ ಮೇಲಿನ ಹೊಟ್ಟು ಗುಡಿಸತೊಡಗಿದೆ. ಅವರು ಯಾಕೆ ಪರಾತ ಮುಟ್ಟಲಿಲ್ಲ, ಯಾಕೆ ಯಂತ್ರ ಬೇಕಾಯಿತು, ಯಾಕೆ ನನ್ನ ಕೈಯಿಂದಲೇ ಎಲ್ಲ ಮಾಡಿಸಿದರು ಎಂಬುದೆಲ್ಲ ಗುಡಿಸುತ್ತ ಗುಡಿಸುತ್ತ ತಿಳಿಯಿತು.

ಎರಡು ದಿನ ತಡೆದೆ. ಮೂರನೆಯ ದಿನ, ಡೀಸೆಲ್ ತರುತ್ತೇನೆಂದು ಸುಳ್ಳು ಹೇಳಿ ಎಸ್‌ಟಿ ಬಸ್ಸು ಹತ್ತಿ ಹುಪರಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ದಾಜಿಯ ಜಾಗದಲ್ಲಿ ಕೂತಿದ್ದಳು. ಮುಂದೆ ದಾಜಿಯ ಚಿಮಟ, ದಾಜಿಯ ಕನ್ನಡಕ.

ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ಕೈ ನಡಗತೈತಿ ಅಂತ ಹೇಳಾಕ ಬಂದಿಯೇನು?"

"ನಿನಗ ಗೊತ್ತೈತೇನು?"

"ಅವರು ಕೂಡಿಸಿದ್ದು ಸೊಟ್ಟ ಬರಾಕ ಹತ್ತಿತ್ತು. ಅವರು ಪ್ಯಾಟಿಗೆ ಹ್ವಾದಾಗ ನಾ ಬಿಚ್ಚಿ ಮತ್ತ ಕೂಡಸ್ತಿದ್ನಿ. ಒಂದಿನಾ ಆ ಮಾಲ್ ಕೈಯಾಗ ಹಿಡಕೊಂಡು ಭಾಳೊತ್ತು ನೋಡಿದ್ರು. ಏನೂ ಅನಲಿಲ್ಲ. ಆಮ್ಯಾಲ ನಿಮ್ಮ ಓಣ್ಯಾಗ ನೀರ ಬಂದ ಸುದ್ದಿ ಬಂತು. ನೋಡಿ ಬರತೇನಿ ಅಂತ ಹ್ವಾದವ್ರು ಇನ್ನೂ ಬಂದಿಲ್ಲ."

"ನೀ ಯಾಕ ಕೇಳಲಿಲ್ಲಕ್ಕಾ?"

"ಕೇಳಿದ್ರ ಚಿಮಟಾ ಕೆಳಗ ಇಡತಿದ್ರು ತಮ್ಮಾ. ಅವರು ಇಡೂದು ನೋಡಾಕ ನನಗ ಧೈರ್ಯ ಇರಲಿಲ್ಲ."

ಅದೇ ಬಸ್ಸು ಮರಳುವಾಗ ಅಕ್ಕ ನನ್ನೊಡನೆ ಬಂದಳು. ದಾಜಿ ಹಿಡಿಕೆ ತಿರುಗಿಸುತ್ತಿದ್ದರು. ಅವಳು ಚೀಲ ಮೂಲೆಗಿಟ್ಟು, ಸುನಂದಾಳನ್ನು ಎಬ್ಬಿಸಿ, ಆ ಜಾಗದಲ್ಲಿ ಕೂತು ಸ್ಕ್ರೂಗಳನ್ನು ಒಂದೊಂದಾಗಿ ಅಡ್ಡ ಮಲಗಿಸತೊಡಗಿದಳು. ಚೈನು ಸಾಗುವುದು, ಡಬ್ಬಿಗಳಲ್ಲಿ ಸ್ಕ್ರೂ ಬೀಳುವುದು, ಅಷ್ಟೇ ಸದ್ದು.

"ಛಲೋ ಮಾಡೀರಿ" ಎಂದಳು ಅಕ್ಕ.

"ಇವನ ಕೈಲೆ ಮಾಡಿಸೇನಿ."

"ನಡೀರಿ, ನಿಮ್ಮ ಕೈ ತೋರಿಸಿಕೊಂಡ ಬರೂಣು. ಇಲ್ಲೇ ದೊಡ್ಡ ದವಾಖಾನಿ ಅದಾವ."

ಹಿಡಿಕೆ ನಿಂತಿತು. ದಾಜಿ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅವನ್ನ ಯಾಕ ನೋಡತೀರಿ? ನನಗ ಮೊದಲ ಗೊತ್ತಿತ್ತು."

ದಾಜಿ ಮತ್ತೆ ಹಿಡಿಕೆ ಹಿಡಿದು, "ಈ ಬೋಗಣ್ಯಾಗಿಂದ ಮುಗಸೂಣು. ಆಮ್ಯಾಲ ಹೋಗೂಣು" ಎಂದರು.

ಇದು ಗುಣವಾಗುವ ಕಾಯಿಲೆಯಲ್ಲ, ಗುಳಿಗೆಯಿಂದ ಸ್ವಲ್ಪ ಹಿಡಿತಕ್ಕೆ ಬರುತ್ತದೆ ಎಂದರು ಡಾಕ್ಟರು. ಹಾಗೆಯೇ ಆಯಿತು. ಹುಪರಿಯ ಪಡಸಾಲೆಯಲ್ಲಿ ಈಗ ಅಕ್ಕ ಕೂತು ಬೆಸೆಯುತ್ತಾಳೆ, ದಾಜಿ ಪಕ್ಕದಲ್ಲಿ ಕೂತು ನೋಡಿ ಹೇಳುತ್ತಾರೆ. ಅವಳ ಕೆಲಸ ತಮ್ಮದಕ್ಕಿಂತ ನಯವೆಂದು ಬಂದವರ ಮುಂದೆ ಒಪ್ಪಿಕೊಳ್ಳುತ್ತಾರೆ. ನನ್ನ ಅಂಗಡಿ ಅದೇ ಓಣಿಯಲ್ಲಿ ನಡೆದಿದೆ. ಯಂತ್ರವನ್ನು ಗಡಹಿಂಗ್ಲಜದ ಒಬ್ಬ ಬಡಿಗ ಮೊಳೆ ಬೇರ್ಪಡಿಸಲು ಒಯ್ದವನು ಮರಳಿ ಕೊಡಲಿಲ್ಲ. ನಾನೂ ಕೇಳಲಿಲ್ಲ. ನನ್ನ ಸ್ವಭಾವವೇ ಕೇಳದೆ ಇರುವುದು. ಅಂದು ಕೇಳಬೇಕಾಗಿದ್ದ ಕ್ಷಮೆಯೂ ಹಾಗೆಯೇ ಉಳಿದಿತ್ತು.

ಮೊನ್ನೆ ಭಾನುವಾರ ಹುಪರಿಗೆ ಹೋದೆ. ನೆಂಟರ ಮನೆಯ ಗೃಹಪ್ರವೇಶಕ್ಕೆ ಎಲ್ಲರೂ ಹೊರಡಬೇಕಿತ್ತು. ಅಕ್ಕ ಹಿತ್ತಲಲ್ಲಿದ್ದಳು. ದಾಜಿ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಗುಂಡಿ ಹಾಕದೆ ಒಳಗಿನಿಂದ ಬಂದರು. ಹಿತ್ತಲ ಕಡೆ ಒಮ್ಮೆ ನೋಡಿ, ನನ್ನ ಮುಂದೆ ಬಂದು ನಿಂತರು.

"ಇದನ್ನೊಂದ ಹಾಕು" ಎಂದರು.

ನನಗೆ ತಿಳಿದಂತೆ ಅದು ಅವರು ನನ್ನ ಹತ್ತಿರ ತಮಗಾಗಿ ಕೇಳಿದ ಮೊದಲ ಸಹಾಯ. ನಾನು ಎದ್ದು ಗುಂಡಿ ಹಾಕತೊಡಗಿದೆ. ಕತ್ತಿನ ಹತ್ತಿರದಿಂದ ಶುರುಮಾಡಿ ಕೆಳಗೆ ಬರುವಷ್ಟರಲ್ಲಿ ಒಂದು ಕಾಜ ಹೆಚ್ಚಾಗಿ ಉಳಿಯಿತು. ಅಂಗಿ ಒಂದು ಕಡೆ ಎತ್ತಿಕೊಂಡು ನಿಂತಿತು.

"ದಾಜಿ, ಆ ದಿನ ಅಂಗಡ್ಯಾಗ ನಾ..." ಎಂದೆ.

"ಇರಲಿ" ಎಂದರು. ಅಂಗಿ ನೋಡಿಕೊಂಡು ಸಣ್ಣಗೆ ನಕ್ಕರು. "ಎಲ್ಲಾ ಬಿಚ್ಚು. ಕೆಳಗಿಂದ ಸುರು ಮಾಡು."

ಬಿಚ್ಚಿ, ಕೆಳಗಿನಿಂದ ಶುರು ಮಾಡಿದೆ.