ಕೊನೆಯ ಸಾಲಿನ ಕಲೆ

ನಮ್ಮ ದೊಡ್ಡಮ್ಮನಿಗೆ ಊರಿನವರ ಗುಟ್ಟೆಲ್ಲ ಬಟ್ಟೆಯ ಮೇಲೇ ಸಿಗುತ್ತಿತ್ತು. ತಮ್ಮ ಲಾಂಡ್ರಿಗೆ ಬಂದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುವಳು, ಕಾಲರ್ ಮೂಸುವಳು, "ಕೆಲಸ ಬಿಟ್ಟಿದಾನೆ, ಹೆಂಡತಿಗೆ ಹೇಳಿಲ್ಲ" ಎಂದು ತೀರ್ಪು ಕೊಡುವಳು. ಬಹಳ ಸಲ ಅದು ನಿಜವೇ ಆಗುತ್ತಿತ್ತು. ಆಗದಿದ್ದರೆ ಅವರೇ ಸುಳ್ಳು ಹೇಳುತ್ತಿದ್ದಾರೆ ಎನ್ನುವಳು.

ಇಂಥವಳ ಮಗ, ನಮ್ಮಣ್ಣ, ಯುದ್ಧಕ್ಕೆ ಹೋದ. ಅವನ ಕಾಗದಗಳು ಬರತೊಡಗಿದವು. ಬೂಟು ಕಚ್ಚುತ್ತದೆ, ಊಟಕ್ಕೆ ಉಪ್ಪು ಸಾಲದು, ಪಕ್ಕದವನ ಗೊರಕೆಗೆ ನಿದ್ದೆಯಿಲ್ಲ. ಎಲ್ಲವೂ ನೀಲಿ ಶಾಯಿಯಲ್ಲಿ ಸ್ಪಷ್ಟ. ಪ್ರತಿ ಕಾಗದದ ಕೊನೆಯ ಸಾಲಿನ ಮೇಲೆ ಮಾತ್ರ ದಪ್ಪಗೆ ಕಪ್ಪು ಮಸಿ. ಸೈನಿಕರ ಕಾಗದ ಓದಿ ನೋಡುವ ಅಧಿಕಾರಿ ಇರುತ್ತಾನೆ, ಗುಟ್ಟಿನ ಮಾತು ಕಂಡರೆ ಮಸಿ ಬಳಿಯುತ್ತಾನೆ ಎಂದು ದೊಡ್ಡಪ್ಪ ವಿವರಿಸಿದ. ಗುಟ್ಟು ಎಂದ ಮೇಲೆ ದೊಡ್ಡಮ್ಮ ಸುಮ್ಮನಿರುತ್ತಾಳೆಯೇ?

"ಗಾಯ ಆಗಿದೆ ಅಂತ ಬರೆದಿರ್ತಾನೆ," ಎಂದಳು.

"ಗಾಯ ಆದೋನು ಉಪ್ಪು ಕಡಿಮೆ ಅಂತ ಗೊಣಗ್ತಾನೇನೆ?" ದೊಡ್ಡಪ್ಪ ಇಸ್ತ್ರಿ ನಿಲ್ಲಿಸದೆಯೇ ಕೇಳಿದ.

"ನಿಮ್ಮ ಮಗ ಅಲ್ವಾ, ಸಾಯೋವಾಗ್ಲೂ ಗೊಣಗ್ತಾನೆ." ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು.

ಕಾಗದವನ್ನು ಬೆಳಕಿಗೆ ಹಿಡಿದಳು, ಹಿಂದುಮುಂದು ಸವರಿದಳು, ಮೂಸಿಯೂ ನೋಡಿದಳು. ಕೊನೆಗೆ ಶಾಯಿಯ ಕಲೆಗೆ ಹಚ್ಚುವ ನಿಂಬೆರಸ, ಉಪ್ಪು ತಂದಳು. "ಬೇಡ ದೊಡ್ಡಮ್ಮ" ಎಂದೆ. ನನ್ನ ಮಾತು ಕೇಳುವ ಪೈಕಿ ಅಲ್ಲ ಅವಳು. ಒದ್ದೆ ಬಟ್ಟೆಯಲ್ಲಿ ಒತ್ತಿದಳು. ಕಪ್ಪು ಜಪ್ಪಯ್ಯ ಅನ್ನಲಿಲ್ಲ. ಅದರ ಮೇಲಿನ ಸಾಲುಗಳ ನೀಲಿ ಅಕ್ಷರಗಳು ಮಾತ್ರ ಹರಡಿ, ಮಗನ ಬೂಟು, ಗೊರಕೆ ಎಲ್ಲ ಕಲಸಿಹೋದವು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

'ಕೊನೆಗೆ ಏನು ಬರೀತೀಯ' ಎಂದು ನನ್ನ ಕೈಯಲ್ಲಿ ಬರೆಸಿದಳು. 'ಎಲ್ಲರೂ ಬರೆಯೋದೇ ಅಮ್ಮ' ಎಂದು ಉತ್ತರ ಬಂತು. ಅದರ ಕೆಳಗೆ ಮತ್ತೆ ಕಪ್ಪು ಮಸಿ.

ಅಂತೂ ಅಣ್ಣ ರಜೆಯ ಮೇಲೆ ಬಂದ. ಇನ್ನೂ ಬೂಟು ಬಿಚ್ಚಿರಲಿಲ್ಲ, ದೊಡ್ಡಮ್ಮ ಅವನ ತೋಳು, ಬೆನ್ನು, ಮೊಣಕಾಲು ತಡವಿ ನೋಡಿದಳು. ಗಾಯವಿಲ್ಲ. "ಹಾಗಾದ್ರೆ ಏನೋ ಬರೀತಿದ್ದೆ?"

"ಬರ್ತೀನಿ ಅಂತ."

"ಬರ್ತೀನಿ ಅಂತಾನಾ?"

"ಕಾಗದ ಮುಗಿಸೋವಾಗ ಇನ್ನೇನಮ್ಮ ಬರೀಲಿ? ಹೋಗ್ತೀನಿ ಅಂತ ಬರೆಯೋಕಾಗುತ್ತಾ?" ಅಣ್ಣ ನಕ್ಕ. "ಮಸಿ ಬಳಿಯೋ ಸಾಹೇಬರಿಗೆ ನಮ್ಮ ಭಾಷೆ ಅಷ್ಟಕ್ಕಷ್ಟೇ. ಯಾವ ದಳ ಎಲ್ಲಿಗೆ ಹೋಗುತ್ತೆ, ಬರುತ್ತೆ ಅಂತ ಬರೆಯೋ ಹಾಗಿಲ್ಲ. ಪ್ರತಿ ಸಲ ಬರ್ತೀನಿ ಅಂತಾನಲ್ಲ, ಇವನಿಗೆ ರಜೆ ಕೊಟ್ಟಿದ್ದು ಯಾರು ಅಂತ ವಿಚಾರಣೆ ಬೇರೆ ಮಾಡಿದ್ರು."

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡಮ್ಮನೂ ನಕ್ಕಳು. ರಜೆ ಮುಗಿಯುವವರೆಗೂ ಗಿರಾಕಿಗಳಿಗೆಲ್ಲ ಇದೇ ಕತೆ. ಯಾರ ಅಂಗಿಯನ್ನೂ ಮೂಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಹೊರಡುವ ದಿನ ಅಣ್ಣ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ತಿರುಗಿದ. "ಬರ್ತೀನಮ್ಮ."

ಹುಟ್ಟಿದಾಗಿನಿಂದ ಕೇಳಿದ ಮಾತು ಅದು. "ಹೂಂ, ಹೋಗಿ ಬಾ" ಎಂದರೆ ಮುಗಿಯಿತು. ದೊಡ್ಡಮ್ಮ ಅವನ ತೋಳು ಹಿಡಿದುಕೊಂಡಳು.

"ಯಾವಾಗ?" ಎಂದು ಕೇಳಿದಳು.

ಅಣ್ಣ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಇಸ್ತ್ರಿ ನಿಲ್ಲಿಸಿದ.