ಟೆಂಟಿನಾಚೆ ಕೇಳಿದ ಗಟ್ಟಿಮೇಳ

ಮೊನ್ನೆ ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಉರ್ದುವಿನಲ್ಲಿ ಅಕ್ಕ ಎಂಬಂತೆ ನಾವೆಲ್ಲ ‘ಆಪಾ’ ಎನ್ನುತ್ತಿದ್ದ ಆಪಾ ಕಣ್ಣೆದುರು ಬಂದು ಕೂತರು. ಅರವತ್ತರ ದಶಕದ ಮಾತು. ನನಗಾಗ ಹನ್ನೊಂದೋ ಹನ್ನೆರಡೋ... ಆಪಾಗೆ ಇಪ್ಪತ್ತೈದೂ ದಾಟಿರಲಿಲ್ಲ.

ತಾಯಿ ತೀರಿಕೊಂಡಿದ್ದರು. ತಂದೆ ಲಕ್ವ ಹೊಡೆದು ಮಂಚ ಹಿಡಿದಿದ್ದರು. ಒಬ್ಬ ತಂಗಿ, ಇಬ್ಬರು ತಮ್ಮಂದಿರು. ಇಷ್ಟೂ ಹೊಟ್ಟೆ ತುಂಬಬೇಕಾದದ್ದು ಆಪಾರ ಮಷೀನಿನಿಂದ. ಪುಣ್ಯಾತ್ಗಿತ್ತಿ ಟೇಪು ಮುಟ್ಟುತ್ತಿರಲಿಲ್ಲ; ಗೇಣು ಹಾಕಿ ರವಿಕೆ ಕತ್ತರಿಸಿದರೆ ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ! ಪಾವಗಡದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ವರ್ಷದಿಂದ ಕಾಯುತ್ತಿದ್ದ. "ಇವರ್ನೆಲ್ಲಾ ದಡ ಸೇರ್ಸಿ ಆಮ್ಯಾಕೆ ನಂದು" ಎಂದು ಆಪಾ ಮುಂದೂಡುತ್ತಲೇ ಇದ್ದರು.

ಅವರ ಹಿತ್ತಿಲ ಹಿಂದೆಯೇ ಸಿನಿಮಾ ಟೆಂಟು. ಸಂಜೆಯ ಆಟ ಶುರುವಾದರೆ ಮಾತು, ಹಾಡು ಎಲ್ಲ ಗೋಡೆ ದಾಟಿ ಬರುತ್ತಿದ್ದವು. ಆಪಾ ಸಿನಿಮಾ ನೋಡಿದವರಲ್ಲ, ಕೇಳಿದವರು. ಆ ಸಲ ಬಂದಿದ್ದ ಚಿತ್ರದಲ್ಲೂ ಒಬ್ಬ ಹಿರಿಮಗಳು, ಮನೆಯ ನೊಗವೆಲ್ಲ ಅವಳ ಹೆಗಲ ಮೇಲೆ. ಒಂದು ವಾರದಲ್ಲೇ ಆಪಾಗೆ ಎಲ್ಲ ಮಾತೂ ಬಾಯಿಪಾಠ.

"ಕೊನೆಗೆ ಗಟ್ಟಿಮೇಳ ಬಾರಿಸ್ತಾರಲ್ಲ, ಕೇಳ್ದಾ? ಎಷ್ಟು ಕಷ್ಟ ಬಿದ್ಲು ಪಾಪ, ಅವಳ್ಗೂ ಮದ್ವೆ ಆಯ್ತು ನೋಡು" ಎಂದರು ಒಂದು ದಿನ, ಕಣ್ಣರಳಿಸಿ. "ಕಾದ್ರೆ ಎಲ್ಲಾ ಆಯ್ತೈತೆ ಕಣಮ್ಮ."

ಅಯ್ಯೋ, ನಾನು ಆ ಚಿತ್ರ ನೋಡಿದ್ದೆ! ಕೊನೆಯ ದೃಶ್ಯದಲ್ಲಿ ಮಾತೇ ಇರಲಿಲ್ಲ; ಗಟ್ಟಿಮೇಳ ಬಾರಿಸಿದ್ದು ತಂಗಿಯ ಮದುವೆಗೆ. ಅಕ್ಕನಿಗಾಗಿ ಕಾದವನು ಬೇಸತ್ತು, ಒಂದು ಮಾತೂ ಹೇಳದೆ ಎಂದೋ ಊರು ಬಿಟ್ಟಿದ್ದ. ತಲೆ ನರೆತ ಅಕ್ಕ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಆಪಾಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅಮ್ಮನಿಗೆ ಹೇಳಿದೆ.

ಚಿತ್ರದ ಕೊನೆಯ ದಿನ ಅಮ್ಮ ಆಪಾರ ಕೈ ಹಿಡಿದು ಎಳೆದುಕೊಂಡೇ ಹೋದಳು. "ಒಂದಿನ ನಿಮ್ಮಪ್ಪನ್ನ ತಂಗಿ ನೋಡ್ಕಂತಾಳೆ, ಬಾರೇ!"

ಗಟ್ಟಿಮೇಳ ಶುರುವಾಯಿತು. ಹೆಂಗಸರ ಕಡೆಯೆಲ್ಲ ಗೊಳೋ ಎಂದು ಅಳು. ಆಪಾ ಮಾತ್ರ ಅಳಲಿಲ್ಲ. ರೆಪ್ಪೆ ಬಡಿಯದೆ ಪರದೆಯ ಮೇಲಿನ ಆ ಚಪ್ಪರದ ಕಂಬವನ್ನೇ ನೋಡುತ್ತಿದ್ದರು. ನಾವು ತಪ್ಪು ಮಾಡಿದೆವೇನೋ ಎಂದು ಅಮ್ಮನ ಸೆರಗು ಜಗ್ಗಿದೆ.

ಬೆಳಿಗ್ಗೆ ಅಮ್ಮನ ರವಿಕೆ ತರಲು ಹೋದಾಗ ಆಪಾ ತಂದೆಯ ಜೊತೆ ಉರ್ದುವಿನಲ್ಲಿ ಏನೋ ಮಾತಾಡುತ್ತಿದ್ದರು. ಮುದುಕರು ಸ್ವಾಧೀನದಲ್ಲಿದ್ದ ಒಂದು ಕೈಯಿಂದ ಮಗಳ ತಲೆ ಸವರಿದರು. ನನ್ನತ್ತ ತಿರುಗಿ ಆಪಾ ಹೇಳಿದರು:

"ನಿಮ್ಮಮ್ಮಂಗೆ ಹೇಳು, ಪಾವಗಡದೋರ್ಗೆ ಹ್ಞೂಂ ಅಂತ ಇವತ್ತೇ ಕಾಗ್ದ ಹಾಕ್ತೀನಿ. ಮಷೀನೂ ನನ್ ಜೊತೆ ಬತ್ತೈತೆ, ಅಬ್ಬಾನೂ ಬತ್ತಾರೆ, ತಂಗಿ ತಮ್ಮಂದ್ರೂ ಬತ್ತಾರೆ. ನಾನೂ ಅವಳಂಗೆ ಕಂಬ ಹಿಡ್ಕಂಡು ನಿಂತ್ರೆ ಇವರ ಮದ್ವೆ ಬಟ್ಟೆ ಯಾರು ಹೊಲೀತಾರೆ?"

ಹುಡುಗ ಎಲ್ಲಕ್ಕೂ ಒಪ್ಪಿದ; ಮದುವೆಯಾಗಿ ಆಪಾ ಬಸ್ಸಿನ ಮೇಲೆ ಮಷೀನು ಕಟ್ಟಿಸಿಕೊಂಡು ಹೋದರು. ತಂಗಿಯ ಮದುವೆ ಮಾಡಿದರು, ತಮ್ಮಂದಿರನ್ನು ಓದಿಸಿದರು. ನೊಗ ಇಳಿಸಲೇ ಇಲ್ಲ, ಆದರೆ ತಾವೂ ಬದುಕಿದರು. ಎಂಥ ಗಟ್ಟಿಗಿತ್ತಿ!

ನನ್ನ ಮದುವೆಗೆ ಪಾವಗಡದಿಂದ ಒಂದು ರವಿಕೆ ಹೊಲಿದು ಕಳಿಸಿದ್ದರು. ನನ್ನನ್ನು ನೋಡಿ ಎಷ್ಟೋ ವರ್ಷವಾಗಿತ್ತು, ಅಳತೆಯನ್ನೂ ಕೇಳಿರಲಿಲ್ಲ. ಆದರೂ ಮೈಗೆ ಸರಿಯಾಗಿ ಕೂತಿತ್ತು.

ಕಳೆದ ವರ್ಷ ಆಪಾ ಹೋಗಿಬಿಟ್ಟರಂತೆ... ನನಗೆ ಸುದ್ದಿ ಮುಟ್ಟಿದ್ದು ತಿಂಗಳಾದ ಮೇಲೆ. ಮೊನ್ನೆ ಎಣ್ಣೆ ಬಿಟ್ಟಿದ್ದು ಆ ರವಿಕೆಯನ್ನು ಅಗಲ ಮಾಡಿಕೊಳ್ಳೋಣವೆಂದು. ತಿರುಗಿಸಿ ನೋಡಿದರೆ, ಮುಂದೆ ಬೇಕಾದೀತೆಂದು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದಾರೆ. ಅವರ ಹೊಲಿಗೆ ಬಿಚ್ಚಲು ನನಗೆ ಕೈಯೇ ಏಳಲಿಲ್ಲ.